ಪಡುವಣಕ್ಕೆ ತಿರುಗಿದ ವಾರ್ಡು

ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಹಲ್ಲು ತಾನಾಗಿ ಬಿಗಿಯುತ್ತದೆ. ಮೊನ್ನೆ ಸಿಂಧನೂರಿಗೆ ನಾದಿನಿಯ ಮಗಳ ಮದುವೆಗೆಂದು ಹೋಗಿದ್ದೆವು. ಮಂಟಪದ ಹಿಂಬದಿಯಲ್ಲಿ ಅಡುಗೆಯವರು ನೀರಿನ ಡ್ರಮ್ಮುಗಳಿಗೆ ಅಕ್ಕಿ ಮಿಲ್ಲಿನ ಹಳೆಯ ಚೀಲಗಳನ್ನು ಸುತ್ತಿ, ಮೇಲಿಂದ ಚೊಂಬಿನಲ್ಲಿ ನೀರು ಹನಿಸುತ್ತಿದ್ದರು. ಏಪ್ರಿಲ್ ತಿಂಗಳ ಗಾಳಿ ಅದನ್ನು ಹಾಯ್ದು ನಮ್ಮ ಪಂಕ್ತಿಗೆ ಬಂತು. ಸೆಣಬು, ತೌಡು, ಬಿಸಿಲು. ಎಲೆಯ ಮೇಲೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

"ಯಾಕ, ಏನಾತು?" ಎಂದರು ಪಕ್ಕದಲ್ಲಿದ್ದ ನಮ್ಮವರು.

"ಏನಿಲ್ಲ. ಗೋಣಿಚೀಲ ತೋಯಿಸ್ಯಾರ."

ಅವರು ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಆದರೂ ಅವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕೈ ತೊಳೆಯುವಾಗ ಅವರೇ ಕೇಳಿದರು: "ಹೋಗಿ ನೋಡಿ ಬರೋಣೇನು? ಮಸ್ಕಿ ಬಸ್ ಹತ್ತಿದ್ರ ದಾರ್ಯಾಗ ಇಳೀಬಹುದು."

ಇಳಿಯಬೇಕಾದ ಆ ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ನಡೆದದ್ದರಲ್ಲಿ ಅಲ್ಲಿಯ ಜನರ ತಪ್ಪು ಏನೂ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮವರು ಸರ್ಕಾರಿ ಕಟ್ಟಡಗಳ ಇಂಜಿನಿಯರ್. ಮಸ್ಕಿಗೆ ವರ್ಗವಾಗಿ ಬಂದಿದ್ದೆವು, ಮೇಲಿನ ಸಾಹೇಬರ ಕಚೇರಿ ಲಿಂಗಸುಗೂರಿನಲ್ಲಿತ್ತು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಕ್ರಾಸ್ ಸ್ಟಿಚ್ಚಿನಲ್ಲಿ ಗುಲಾಬಿ ತೆಗೆಯುವುದು, ಮೆಲ್ಲಗೆ ಮಾತಾಡುವುದು, ಕುರ್ಚಿ ಎಳೆಯುವಾಗ ಸದ್ದಾಗದಂತೆ ಎತ್ತಿ ಇಡುವುದು, ಇವನ್ನೆಲ್ಲ ಅಲ್ಲಿ ಕಲಿಸಿದ್ದರು. ಸಿಟ್ಟು ಮಾಡುವುದನ್ನು ಕಲಿಸಿರಲಿಲ್ಲ. ಅದನ್ನು ಮಸ್ಕಿಯಲ್ಲೇ ಕಲಿತೆ.

ನಮ್ಮದು ಗಂಗಮ್ಮ ಎಂಬಾಕೆಯ ಮನೆಯಲ್ಲಿ ಬಾಡಿಗೆ. ಮಣ್ಣಿನ ಮಾಳಿಗೆ, ಕೈ ಚಾಚಿದರೂ ಆಚೆ ತುದಿ ಸಿಗದಷ್ಟು ದಪ್ಪ ಕಲ್ಲಿನ ಗೋಡೆ, ಚಿಕ್ಕ ಚಿಕ್ಕ ಕಿಟಕಿ. ಮೊದಲ ವಾರ ಒಳಗಿನ ಕತ್ತಲು ನೋಡಿ ಅತ್ತಿದ್ದೆ. ಮಾಳಿಗೆಯಿಂದ ಮಣ್ಣು ಉದುರಿ ನನ್ನ ಬಿಳಿಯ ಮೇಜುಬಟ್ಟೆಯ ಗುಲಾಬಿಗಳ ಮೇಲೆ ಕೂರುತ್ತಿತ್ತು. ಬೇಸಿಗೆ ಬಂದಾಗ ಆ ಮನೆ ಏನೆಂದು ತಿಳಿಯಿತು. ಮಸ್ಕಿಯ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆಗೆ ಉಗುಳುವ ಸೆಕೆಯಲ್ಲೂ ನಮ್ಮ ನಡುಮನೆ ತಣ್ಣಗಿರುತ್ತಿತ್ತು. ಗಂಗಮ್ಮ ನಸುಕಿನಲ್ಲೇ ಮಾಳಿಗೆಯ ಬೆಳಕಿಂಡಿ ತೆರೆದಿಟ್ಟು, ಬಿಸಿಲು ಏರುತ್ತಲೇ ಹತ್ತಿಹೋಗಿ ಮಣ್ಣಿನ ಮುಚ್ಚಳ ಮುಚ್ಚುತ್ತಿದ್ದಳು. ಬೀದಿಬಾಗಿಲು ಹಾಕಿ ಹಿತ್ತಿಲ ಬಾಗಿಲನ್ನು ಅರೆ ತೆರೆದಿಡುತ್ತಿದ್ದಳು. ಹೊತ್ತು ಇಳಿದ ಮೇಲೆ ಎಲ್ಲ ತಿರುವುಮುರುವು.

"ಫ್ಯಾನ್ ಯಾಕ ಹಾಕ್ತೀರಿ ಅಮ್ಮಾರ?" ಎನ್ನುತ್ತಿದ್ದಳು. "ಬಿಸಿಗಾಳಿನ್ನ ತಿರುವ್ಯಾಡಿ ತಿರುವ್ಯಾಡಿ ಮೈಮ್ಯಾಲೆ ಸುರುಕೊಂಡಂಗ."

ಕಾನ್ವೆಂಟಿನಲ್ಲೂ ಇದೇ ಶಿಸ್ತಿತ್ತು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಮೂಡಣದ ಬಾಗಿಲುಗಳು ಮುಚ್ಚಬೇಕು, ಊಟದ ಗಂಟೆಗೆ ಪಡುವಣದವು. ಕೋಣೆಯಿಂದ ಕೊನೆಗೆ ಹೊರಬೀಳುವ ಹುಡುಗಿ ದೀಪ ಆರಿಸದಿದ್ದರೆ ಮರುದಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ಎದ್ದು ನಿಲ್ಲಬೇಕು. ಸಿಸ್ಟರ್ ಆಗ್ನೆಸ್ ಗದರುತ್ತಿರಲಿಲ್ಲ. "ನೀನು ಸುಮ್ಮನೆ ಉರಿಸಿದ್ದನ್ನು ಎಲ್ಲೋ ಯಾರೋ ಬೆವರು ಸುರಿಸಿ ಹೊತ್ತು ತಂದಿರುತ್ತಾರೆ," ಎಂದಷ್ಟೇ ಹೇಳುತ್ತಿದ್ದರು. ನಾವು ಮಸ್ಕಿಗೆ ಬಂದದ್ದು ಆ ಜಿಲ್ಲೆಯಲ್ಲೇ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯಲು ಶುರುಮಾಡಿದ್ದ ಕಾಲದಲ್ಲಿ. ಆ ಕರೆಂಟು ಮಸ್ಕಿಯ ಮೇಲೆ ಹಾಯ್ದು ಎಲ್ಲಿಗೋ ಹೋಗುತ್ತಿತ್ತು, ನಮ್ಮಲ್ಲಿಗೆ ಅತಿಥಿಯ ಹಾಗೆ ಬಂದು ಹೋಗುತ್ತಿತ್ತು. ಸಿಸ್ಟರ್ ಮಾತು ಅಲ್ಲಿ ನನಗೆ ದಿನವೂ ನೆನಪಾಗುತ್ತಿತ್ತು.

ಗಂಗಮ್ಮನಿಗೆ ಒಬ್ಬಳೇ ಮಗಳು, ನೀಲಮ್ಮ. ಸಿಂಧನೂರು ದಾರಿಯ ಆ ಹಳ್ಳಿಗೇ ಕೊಟ್ಟಿದ್ದರು. ಮೊದಲ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲ. ಮನೆಯಲ್ಲೇ ನೋವು ತಿಂದು, ಕೊನೆಗೆ ಗಾಡಿ ಕಟ್ಟಿಕೊಂಡು ಸಿಂಧನೂರಿನ ದವಾಖಾನೆಗೆ ಹೊರಟರೆ ದಾರಿಯಲ್ಲೇ ಎಲ್ಲ ಮುಗಿದುಹೋಗಿತ್ತು. ಆ ಮಾತು ಬಂದಾಗೆಲ್ಲ ಗಂಗಮ್ಮ ಎದ್ದು ಏನಾದರೊಂದು ಪಾತ್ರೆ ತಿಕ್ಕತೊಡಗುತ್ತಿದ್ದಳು. ಹೀಗಾಗಿ ಅದೇ ಹಳ್ಳಿಗೆ ಹೆಂಗಸರ ಹೆರಿಗೆ ವಾರ್ಡು ಮಂಜೂರಾಗಿದೆ, ಕಟ್ಟಿಸುವವರು ನಮ್ಮವರೇ ಎಂದು ಗೊತ್ತಾದ ದಿನ ಆಕೆ ಓಣಿಗೆಲ್ಲ ಸಕ್ಕರೆ ಹಂಚಿದಳು.

"ಈ ಸಲ ಕೂಸು ಉಳಿತೈತಿ ಅಮ್ಮಾರ," ಎಂದಳು. "ಸಾಹೇಬ್ರಿಗೆ ಹೇಳ್ರಿ, ಗಟ್ಟಿಯಾಗಿ ಕಟ್ಟಸ್ರಿ ಅಂತ."

ನಕ್ಷೆ ಬೆಂಗಳೂರಿನಿಂದ ತಗಡಿನ ಕೊಳವೆಯಲ್ಲಿ ಸುತ್ತಿಕೊಂಡು ಬಂತು. ಬಿಚ್ಚಿದಾಗ ನಕ್ಷೆ ಅಚ್ಚಿಗೆ ಬಳಸುವ ಅಮೋನಿಯದ ಘಾಟು. ನಮ್ಮವರು ಅದನ್ನು ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ನನ್ನನ್ನು ಕರೆದು ತೋರಿಸಿದರು. ಅವರ ಮುಖದಲ್ಲಿ ಅಂಥ ಹಿಗ್ಗನ್ನು ನಾನು ಅಪರೂಪಕ್ಕೆ ಕಂಡಿದ್ದೆ.

"ಇದು ಮಾದರಿ ನಕ್ಷೆ. ಎಲ್ಲಾ ಕಡೆ ಇದೇ ಕಟ್ಟೋದು. ನೋಡಿಲ್ಲಿ, ವಾರ್ಡಿನ ಉದ್ದನ್ನ ಗ್ವಾಡಿ ಉತ್ತರಕ್ಕ ಮಾರಿ ಮಾಡ್ಯದ. ದಕ್ಷಿಣಕ್ಕ ಪೂರಾ ಪಡಸಾಲಿ. ಬಿಸಿಲು ಬಡಿಯೋದು ಎರಡು ತುದಿಯ ಸಣ್ಣ ಗ್ವಾಡಿಗೆ ಮಾತ್ರ. ಯಾರೋ ಚಲೋ ತಿಳಿದವರು ಬರದಾರ."

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನಕ್ಷೆಯಲ್ಲಿ ತಪ್ಪಿರಲಿಲ್ಲ. ಅದು ಸರಿಯಾಗಿದೆ ಎಂದು ನಮ್ಮವರಿಗೆ ಗೊತ್ತಿತ್ತು.

ತಪ್ಪು ಬಂದದ್ದು ಲಿಂಗಸುಗೂರಿನಿಂದ. ವಾರ್ಡಿಗೆ ಕೊಟ್ಟ ಜಾಗದ ಪಡುವಣ ಬದಿಗೆ ದಾರಿಯಿತ್ತು. ಸಾಹೇಬರು ಬಂದು, ಜೀಪಿನಿಂದ ಇಳಿಯದೆಯೇ, ಕಟ್ಟಡದ ಮುಂಭಾಗ ದಾರಿಗೆ ಕಾಣಬೇಕು ಎಂದರು. ಉದ್ಘಾಟನೆಯ ಕಲ್ಲು ಕಾರಿನಲ್ಲಿ ಹೋಗುವವರ ಕಣ್ಣಿಗೆ ಬೀಳಬೇಕಂತೆ. ಪಡಸಾಲೆ ಬೇಡ, ಅಲ್ಲಿ ಮಂದಿ ಬಂದು ಮಲಗುತ್ತಾರೆ. ಸಣ್ಣ ಕಿಟಕಿ ಬೇಡ, ಹಳ್ಳಿ ಕಂಡಂತೆ ಕಾಣುತ್ತದೆ, ದೊಡ್ಡ ದೊಡ್ಡ ಗಾಜು ಹಾಕಿ. ಅಷ್ಟು ಹೇಳಿ ಜೀಪು ತಿರುಗಿತು.

ಆ ಭಾನುವಾರ ನಮ್ಮವರು ಮೇಜುಬಟ್ಟೆ ಎತ್ತಿಟ್ಟು, ನಕ್ಷೆಯ ಟ್ರೇಸಿಂಗ್ ಹಾಳೆ ಹಾಸಿಕೊಂಡು ಕೂತಿದ್ದರು. ಕೈಯಲ್ಲಿ ಅರ್ಧ ಬ್ಲೇಡು. ಹಾಳೆಯ ಮೂಲೆಯಲ್ಲಿ ಉತ್ತರ ದಿಕ್ಕು ತೋರಿಸುವ ಚಿಕ್ಕ ಬಾಣ ಇರುತ್ತದಲ್ಲ, ಅದನ್ನು ಕೆರೆಯುತ್ತಿದ್ದರು. ಬಹಳ ನಾಜೂಕು. ಹಾಳೆ ಹರಿಯಬಾರದು, ಶಾಯಿ ಮಾತ್ರ ಏಳಬೇಕು. ಟಾಲ್ಕಮ್ ಪುಡಿಯಂಥ ಧೂಳು ಏಳುತ್ತಿತ್ತು, ಅವರು ತುಟಿ ಕೂಡಿಸಿ ಉಫ್ ಎಂದು ಊದುತ್ತಿದ್ದರು.

"ಕಟ್ಟಡ ತಿರುಗಿಸಾಕತ್ತೀರೇನು?" ಎಂದು ಕೇಳಿದೆ.

"ಕಟ್ಟಡ ತಿರುಗಿಸಬೇಕಂದ್ರ ನಕ್ಷೆ ಹೊಸದಾಗಿ ಬರೀಬೇಕು, ಮತ್ತ ಬೆಂಗಳೂರಿಗೆ ಹೋಗಬೇಕು, ಮಂಜೂರಾತಿ ಬರೋತನಕ ಕೂಡಬೇಕು. ಬಾಣ ಒಂದು ತಿರುಗಿಸಿದ್ರ ಆತು, ನಕ್ಷೆ ಇದ್ದಂಗೇ ಇರ್ತದ. ಪಡಸಾಲಿ, ಕಿಟಕಿ ಕಟ್ಟೋ ಮುಂದ ಬದಲಾಯಿಸ್ತಾರ."

"ಸೂರ್ಯ?"

ಬ್ಲೇಡು ನಿಂತಿತು. "ನಾ ಒಂದು ಮಾತು ಹೇಳಿ ನೋಡೀನಿ."

"ಏನಂದ್ರು?"

"ಫ್ಯಾನ್ ಇರ್ತಾವಲ್ಲ ಅಂದ್ರು. ಕೂಲರ್ ಹಾಕೋಣ ಅಂದ್ರು."

ಮತ್ತೆ ಬ್ಲೇಡಿನ ಸದ್ದು ಶುರುವಾಯಿತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ. ಎದೆಯಲ್ಲಿ ಏನೋ ಬಿಸಿಯಾಗಿ ಮೇಲೇರುತ್ತಿತ್ತು, ಅದಕ್ಕೆ ಸಿಟ್ಟು ಎಂದು ಹೆಸರಿಡಲು ಸ್ವಲ್ಪ ಹೊತ್ತು ಹಿಡಿಯಿತು. ಬಿಸಿಲು ಎತ್ತಣಿಂದ ಬರುತ್ತದೆ ಎಂದು ತಿಳಿಯದವರು ಮಾಡಿದ್ದರೆ ಬೇರೆ ಮಾತು. ಕಾಲೇಜಿನಲ್ಲಿ ಕೂತು ಬಿಸಿಲು, ಗಾಳಿ, ಗೋಡೆ ಎಲ್ಲ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾಗಿ ಬಂದವರು ಮಾಡುತ್ತಿದ್ದರು. ನಾವು ಹುಡುಗಿಯರು ಒಂದು ಬಲ್ಬು ಆರಿಸಲು ಮರೆತರೆ ಎದ್ದು ನಿಲ್ಲಬೇಕಿತ್ತು. ಇಲ್ಲಿ ಅರ್ಧ ಬ್ಲೇಡಿನಿಂದ, ಒಂದು ಮಧ್ಯಾಹ್ನದಲ್ಲಿ, ಆ ಗೋಡೆಗಳು ನಿಂತಿರುವವರೆಗೆ ಯಾರೂ ಆರಿಸಲಾಗದ ಏನನ್ನೋ ಹೊತ್ತಿಸುತ್ತಿದ್ದರು. ಇವರನ್ನು ಯಾವ ಪ್ರಾರ್ಥನೆಯಲ್ಲಿ ಎದ್ದು ನಿಲ್ಲಿಸಬೇಕು?

ಗುದ್ದಲಿ ಪೂಜೆಗೆ ನಾನೂ ಹೋಗಿದ್ದೆ. ಕಪ್ಪು ನೆಲದ ಮೇಲೆ ಸುಣ್ಣದ ಗೆರೆ ಹಾಕಿದ್ದರು. ಉದ್ದನೆಯ ಗೆರೆ ದಾರಿಗೆ ಸಮನಾಗಿ, ಇಳಿಯುವ ಸೂರ್ಯನಿಗೆ ನೇರ ಎದೆಯೊಡ್ಡಿ ಬಿದ್ದಿತ್ತು. ನೀಲಮ್ಮ ಆ ಗೆರೆಯೊಳಗೆ ಹೋಗಿ ನಿಂತು, "ಅಮ್ಮಾರ, ನನ್ನ ಮಂಚ ಇಲ್ಲಿ ಬರ್ತೈತೇನ್ರಿ?" ಎಂದು ನಕ್ಕಳು. ಆಗಿನ್ನೂ ಆಕೆ ಬಸುರಿಯೂ ಆಗಿರಲಿಲ್ಲ. ಆದರೂ ಜಾಗ ಹಿಡಿದಿಡುವ ಅವಸರ.

ಆ ಚಳಿಗಾಲದಲ್ಲಿ ಸಾಹೇಬರ ಮನೆಗೆ ಅರಿಶಿನ ಕುಂಕುಮಕ್ಕೆ ಲಿಂಗಸುಗೂರಿಗೆ ಹೋಗಬೇಕಾಯಿತು. ಹಿಂದೆ ದಂಡು ಬೀಡುಬಿಟ್ಟಿದ್ದ ಛಾವಣಿಯ ಕಡೆಯ ಹಳೆಯ ಬಂಗಲೆ ಅದು. ಸುತ್ತಲೂ ಅಗಲ ಪಡಸಾಲೆ, ತಲೆ ಎತ್ತಿ ನೋಡುವಷ್ಟು ಎತ್ತರದ ಸೂರು, ಸೂರಿನ ಕೆಳಗೆ ಬಿಸಿಗಾಳಿ ಹೋಗಲು ಗವಾಕ್ಷಿ. ಪಡುವಣ ಬದಿಯ ಕಂಬಗಳಿಗೆ ಬೇಸಿಗೆಯ ಲಾವಂಚದ ತಟ್ಟಿಗಳನ್ನು ಸುತ್ತಿ ಮೇಲೆ ಕಟ್ಟಿಟ್ಟಿದ್ದರು. ಸಾಹೇಬರು ಬೆತ್ತದ ಕುರ್ಚಿಯಲ್ಲಿ ಕೂತು ನಮ್ಮವರಿಗೆ ಹೇಳುತ್ತಿದ್ದರು: "ಹಳೇ ಮಂದಿ ಏನ್ ಕಟ್ಟ್ಯಾರ ನೋಡ್ರಿ. ಮೇ ತಿಂಗಳಾಗೂ ಇಲ್ಲಿ ಫ್ಯಾನ್ ಬೇಕಾಗಂಗಿಲ್ಲ."

ನಾನು ಕುಂಕುಮ ಹಚ್ಚಿಸಿಕೊಂಡು, ಎಲೆ ಅಡಿಕೆ ಸೆರಗಿಗೆ ಹಾಕಿಕೊಂಡು, ಆ ಪಡಸಾಲೆಯನ್ನು ಉದ್ದಕ್ಕೂ ನಡೆದು ಬಂದೆ.

ವಾರ್ಡು ಮರುವರ್ಷದ ಬೇಸಿಗೆಗೆ ಮುಂಚೆ ತೆರೆಯಿತು. ಕಲ್ಲು ದಾರಿಗೆ ಕಾಣುವಂತೆ ಕೂತಿತು. ದೊಡ್ಡ ಗಾಜುಗಳು ಮಿರಿಮಿರಿ ಮಿಂಚಿದವು, ಹಳ್ಳಿಯ ಮಕ್ಕಳು ಅವುಗಳಲ್ಲಿ ಮುಖ ನೋಡಿಕೊಳ್ಳಲು ಬರುತ್ತಿದ್ದರು. ಒಳಗೆ ಸ್ವಿಚ್ಚುಗಳ ಮೇಲೆ ಇಲಾಖೆಯವರೇ ಒಂದು ಬೋರ್ಡು ಬರೆಸಿದ್ದರು: ವಿದ್ಯುತ್ ಉಳಿಸಿ. ಅದನ್ನು ಓದಿ ಪಾಲಿಸಬೇಕಾದವಳು ಆಯಾ ಹುಲಿಗೆಮ್ಮ. ಆಕೆಗೆ ಓದು ಬರುತ್ತಿರಲಿಲ್ಲ.

ಹೋಳಿ ಹುಣ್ಣಿಮೆ ಕಳೆಯುತ್ತಲೇ ಒಲೆ ಹೊತ್ತಿತು. ಮಧ್ಯಾಹ್ನ ಇಳಿಯುತ್ತಿದ್ದಂತೆ ಬಿಸಿಲು ಗಾಜಿನ ಮೂಲಕ ಒಳಗೆ ಕಾಲಿಟ್ಟು, ಒಂದೊಂದೇ ಮಂಚ ಹತ್ತಿ ಒಳಗೋಡೆಯವರೆಗೆ ಹೋಗುತ್ತಿತ್ತು. ಬಾಣಂತಿಯರು ಕಬ್ಬಿಣದ ಮಂಚಗಳನ್ನು ಅದರ ಮುಂದೆ ಮುಂದೆ ಸರಿಸುತ್ತ ಹೋಗುತ್ತಿದ್ದರು. ಕೂಲರುಗಳನ್ನು ಹಚ್ಚಿದರೆ ಇಡೀ ಊರಿನ ದೀಪ ಮಂಕಾಗುತ್ತಿತ್ತು. ಅದಕ್ಕಿಂತ ಕೆಟ್ಟದೆಂದರೆ, ಊರಿನ ಕುಡಿಯುವ ನೀರಿನ ಮೋಟರು ಅದೇ ತಂತಿಯ ಮೇಲಿತ್ತು. ಕೂಲರು ಓಡಿದರೆ ಮೋಟರು ಗುಂಯ್ ಎಂದು ನರಳಿ ನಿಲ್ಲುತ್ತಿತ್ತು. ಕೂಲರಿಗೂ ನೀರು ಬೇಕು, ಆ ನೀರು ಬರಬೇಕಾದದ್ದು ಅದೇ ಮೋಟರಿನಿಂದ. ಇಂಥದ್ದೊಂದನ್ನು ಇಂಜಿನಿಯರುಗಳಲ್ಲದೆ ಬೇರೆ ಯಾರಿಂದಲೂ ಮಾಡಲಾಗದು. ಕೊನೆಗೆ ಊರವರು ಪಾಳಿ ಮಾಡಿಕೊಂಡರು. ಒಂದಿಷ್ಟು ಹೊತ್ತು ಬಾಣಂತಿಯರಿಗೆ ಗಾಳಿ, ಒಂದಿಷ್ಟು ಹೊತ್ತು ಊರಿಗೆ ನೀರು. ಕರೆಂಟು ಇದ್ದರೆ.

ನೀಲಮ್ಮನಿಗೆ ಆ ಮೇ ತಿಂಗಳಲ್ಲಿ ಅದೇ ವಾರ್ಡಿನಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಹೆರಿಗೆ ಸುಸೂತ್ರ. ನರ್ಸಮ್ಮ ಒಳ್ಳೆಯವಳು, ವಾರಕ್ಕೊಮ್ಮೆ ಸಿಂಧನೂರಿನಿಂದ ಡಾಕ್ಟರಮ್ಮ ಬರುತ್ತಿದ್ದರು. ಎಲ್ಲ ಸರಿಯಿತ್ತು, ಕಟ್ಟಡ ಒಂದನ್ನು ಬಿಟ್ಟು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಗಂಗಮ್ಮನ ಜೊತೆ ನಾನೂ ಗಂಜಿ ತೆಗೆದುಕೊಂಡು ಹೋದೆ. ಬಾಗಿಲು ದಾಟುತ್ತಲೇ ಆ ವಾಸನೆ. ಹುಲಿಗೆಮ್ಮ ಗಾಜಿನ ಕಿಟಕಿಗಳಿಗೆ ಗೋಣಿಚೀಲಗಳನ್ನು ತೋಯಿಸಿ ಇಳಿಬಿಟ್ಟಿದ್ದಳು. ಅವು ನೋಡನೋಡುತ್ತಲೇ ಒಣಗಿ ಗಡುಸಾಗುತ್ತಿದ್ದವು. ಫಿನಾಯಿಲು, ಹಾಲು, ಬೆವರು, ಸೆಣಬು ಎಲ್ಲ ಬೆಂದು ಒಂದಾದ ಉಸಿರು. ನೀಲಮ್ಮನ ಮಂಚ ಗೋಡೆಗೆ ಹತ್ತಿತ್ತು. ಅದರಾಚೆ ಸರಿಯಲು ಜಾಗವಿರಲಿಲ್ಲ. ಕೂಸಿನ ತುಟಿ ಒಣಗಿ ಸಣ್ಣಗೆ ಸಿಪ್ಪೆ ಎದ್ದಿತ್ತು. ಅಂಗಾಲು ಮುಟ್ಟಿದೆ. ಹೊರಗಿಟ್ಟ ಪಾತ್ರೆ ಮುಟ್ಟಿದಂತಾಯಿತು.

"ಮುಂಜಾನಿಯಿಂದ ಹಾಲು ಹಿಡೀವಲ್ದು ಬೇ," ಎಂದಳು ನೀಲಮ್ಮ ತಾಯಿಗೆ. ದನಿಯಲ್ಲಿ ಅಳು ಕೂಡ ಇರಲಿಲ್ಲ. ಮೊದಲ ಕೂಸಿನ ಹೊತ್ತಿಗೆ ಅದು ಖರ್ಚಾಗಿಹೋಗಿತ್ತೋ ಏನೋ.

ನರ್ಸಮ್ಮ ಒದ್ದೆ ಬಟ್ಟೆಯಲ್ಲಿ ಕೂಸಿನ ಮೈ ಒರೆಸುತ್ತಿದ್ದಳು. "ಜ್ವರಕ್ಕ ಇಲಾಜು ಮಾಡಬಹುದ್ರೀ. ಈ ಖೋಲಿಗೆ ಏನ್ ಇಲಾಜು ಮಾಡ್ಲಿ?" ಎಂದಳು ನನ್ನ ಕಡೆ ನೋಡಿ. ನಾನು ಇಂಜಿನಿಯರನ ಹೆಂಡತಿ ಎಂದು ಆಕೆಗೆ ಗೊತ್ತಿತ್ತು.

ಕೂಲರು ಒಂದೇ ಓಡುತ್ತಿತ್ತು, ಅದೂ ನೀರಿಲ್ಲದೆ, ಒಣ ಬಿಸಿಗಾಳಿ ಊದುತ್ತ. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಊರಿನ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು.

"ಬಂದ್ ಮಾಡ್ರೇ ಅದನ್ನ," ಎಂದಳು ಮುಂದಿದ್ದವಳು. "ನಮ್ಮ ಪಾಳಿ ಬಂದೈತಿ. ಮೋಟರ್ ತಿರಗವಲ್ದು. ಮನ್ಯಾಗ ಹನಿ ನೀರಿಲ್ಲ."

"ಹಸಿಗೂಸು ಸುಡಾಕತ್ತೈತಿ, ಕಣ್ಣಿಗೆ ಕಾಣಂಗಿಲ್ಲೇನಬೇ?" ಎಂದು ಹುಲಿಗೆಮ್ಮ ಅಡ್ಡ ನಿಂತಳು.

"ನಮ್ಮನ್ಯಾಗೂ ಕೂಸು ಅದಾವ. ಅವೇನ್ ಗಾಳಿ ಕುಡೀತಾವೇನು?"

ನಾನು ಇಬ್ಬರ ಮುಖವನ್ನೂ ನೋಡಿದೆ. ಇಬ್ಬರೂ ಹೇಳುತ್ತಿದ್ದದ್ದು ನಿಜ. ಒಂದು ಕಡೆ ಹಸಿ ಬಾಣಂತಿಯರು, ಇನ್ನೊಂದು ಕಡೆ ನೀರಿಲ್ಲದ ತಾಯಂದಿರು. ಕೊಡಕ್ಕೂ ಮಂಚಕ್ಕೂ ನಡುವೆ ಜಗಳ ಹಚ್ಚಿ ಕೂರಿಸಿದ್ದ ಮನುಷ್ಯ ಮಾತ್ರ ಅಲ್ಲಿರಲಿಲ್ಲ. ಅವನು ಲಾವಂಚದ ತಟ್ಟಿ ಇಳಿಬಿಟ್ಟ ಪಡಸಾಲೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕಾಲು ಚಾಚಿದ್ದ. ಇನ್ನೊಬ್ಬರು ನನ್ನ ಮನೆಯ ಮೇಜಿನ ಮೇಲೆ ಬ್ಲೇಡು ಹಿಡಿದಿದ್ದವರು.

ಗಂಗಮ್ಮ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಗೋಣಿಚೀಲದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಒಣಗಿತ್ತು. ಗಂಜಿಯ ಪಾತ್ರೆ ನನ್ನ ಕೈಗೆ ಕೊಟ್ಟು ಕೂಸನ್ನು ಎತ್ತಿಕೊಂಡಳು. "ನಡಿಯಬೇ ನೀಲಾ. ಇದು ದವಾಖಾನಿ ಅಲ್ಲ, ರೊಟ್ಟಿ ಹಂಚು."

ಹೊತ್ತು ಇಳಿದ ಮೇಲೆ ಸಿಕ್ಕ ಬಸ್ಸಿಗೆ ನಾವು ಮಸ್ಕಿಗೆ ಬಂದೆವು. ನೀಲಮ್ಮ ನನ್ನ ಭುಜಕ್ಕೆ ಒರಗಿದ್ದಳು, ಕೂಸು ಒದ್ದೆ ಸೆರಗಿನಲ್ಲಿತ್ತು. ಅದೇ ಮಣ್ಣಿನ ಮಾಳಿಗೆಯ ನಡುಮನೆಯಲ್ಲಿ, ಬೆಳಕಿಂಡಿಯ ಕೆಳಗೆ ಮಲಗಿಸಿದೆವು. ಮಾಳಿಗೆಯ ಮಣ್ಣು ಉದುರದಂತೆ ನನ್ನ ಗುಲಾಬಿಗಳ ಮೇಜುಬಟ್ಟೆಯನ್ನು ತೊಟ್ಟಿಲ ಮೇಲೆ ಕಟ್ಟಿದೆ. ಮರುದಿನ ಬೆಳಿಗ್ಗೆ ಕೂಸು ಮೊಲೆ ಹಿಡಿದು ಚಪ್ ಚಪ್ ಎಂದಾಗ ಗಂಗಮ್ಮ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಆಮೇಲೆ ಬಂದು ನೋಡಿದ ಡಾಕ್ಟರಮ್ಮ, "ಬೇರೆ ಏನೂ ಆಗಿರಲಿಲ್ಲ. ಬಿಸಿಲು, ಅಷ್ಟೇ," ಎಂದರು. ವಾರ್ಡಿನ ಪುಸ್ತಕದಲ್ಲಿ ನೀಲಮ್ಮನ ಹೆಸರಿನ ಮುಂದೆ ಪರಾರಿ ಎಂದು ಬರೆದರಂತೆ. ಪದ್ಧತಿ ಹಾಗೆ. ಓಡಿಹೋದವಳು ರೋಗಿ. ಓಡಿಸಿದ್ದು ಏನು ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಕೂಸನ್ನು ಮನೆಗೆ ತಂದ ದಿನ ನಮ್ಮವರು ತೊಟ್ಟಿಲ ಬಳಿ ಬಂದು ನಿಂತು ಕೂಸನ್ನು ನೋಡಿದ್ದರು. ನಾನು ಅವರೊಂದಿಗೆ ಆ ವಾರ ಊಟಕ್ಕೆ ಕರೆಯುವುದರ ಹೊರತು ಬೇರೆ ಮಾತಾಡಲಿಲ್ಲ.

ಅದೇ ತಿಂಗಳು ಸಾಹೇಬರು ತಪಾಸಣೆಗೆ ಬರುವವರಿದ್ದರು. ಕರೆಂಟು ಸಾಲದು ಎಂಬ ತಕರಾರು ಮೇಲೆ ಹೋಗಿತ್ತು, ದೊಡ್ಡ ಟ್ರಾನ್ಸ್‌ಫಾರ್ಮರ್ ಕೂರಿಸಿ ಇನ್ನಷ್ಟು ಕೂಲರು ಹಾಕುವ ಪ್ರಸ್ತಾವ. ಇಲಾಖೆಯಲ್ಲಿ ಬರೆಯದ ನಿಯಮವೊಂದಿತ್ತು: ಮೇಲಿನವರು ತಪಾಸಣೆಗೆ ಬಂದರೆ ಅಲ್ಲಿಯ ಇಂಜಿನಿಯರನ ಮನೆಯಲ್ಲಿ ಊಟ. ಹೆಂಡತಿ ಹೋಳಿಗೆ ಮಾಡಬೇಕು, ಸಾಹೇಬರು ಕೈ ತೊಳೆಯುವಾಗ ಟವೆಲು ಹಿಡಿಯಬೇಕು, ಅಡುಗೆ ಚೆನ್ನಾಗಿತ್ತು ಎಂದರೆ ನಾಚಬೇಕು. ನಾನು ಹಲವು ಸಲ ನಾಚಿದ್ದೆ.

ಈ ಸಲವೂ ಹೋಳಿಗೆ ಮಾಡಿದೆ. ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ, ಕೆನೆಮೊಸರು. ಎಲ್ಲವನ್ನೂ ಡಬ್ಬಿಗಳಿಗೆ ತುಂಬಿ, ಮೇಜುಬಟ್ಟೆ ಒಗೆದು ಇಸ್ತ್ರಿ ಮಾಡಿ, ಗಂಗಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಸಾಹೇಬರು ಬೆಳಗಿನ ತಂಪಿರುವಾಗ ಕಾಲುವೆ ಕಡೆಯ ಬೇರೆ ಕೆಲಸ ನೋಡಿಕೊಂಡು ಮೂರು ಗಂಟೆಯ ಸುಮಾರಿಗೆ ವಾರ್ಡಿಗೆ ಬಂದಾಗ, ಗಾಜಿನ ಕಿಟಕಿಯ ಪಕ್ಕ ಔಷಧಿಯ ಮೇಜಿನ ಮೇಲೆ ಗುಲಾಬಿಗಳ ಬಟ್ಟೆ ಹಾಸಿ ತಟ್ಟೆ ಇಟ್ಟಿದ್ದೆ.

ನಮ್ಮವರು ಬಾಗಿಲಲ್ಲೇ ನಿಂತುಬಿಟ್ಟರು.

"ಮನಿಗೆ ಹೋಗೋತನಕ ಹಸಿವು ಆಗ್ತದಂತ ಇಲ್ಲೇ ತಂದೀನಿ ಸರ್," ಎಂದೆ. "ಕೂಡ್ರಿ."

ಒಬ್ಬ ಹೆಣ್ಣುಮಗಳು ಬಡಿಸಲು ನಿಂತಾಗ ಒಲ್ಲೆ ಎನ್ನುವುದು ಅವರಿಗೂ ಆಗಲಿಲ್ಲ. ಕೂತರು. ತಟ್ಟೆಗೆ ಬಿಸಿಲು ಬಡಿದು ಹೊಳೆಯುತ್ತಿತ್ತು, ಅಂಚು ಮುಟ್ಟಿ ಬೆರಳು ಹಿಂದಕ್ಕೆ ತೆಗೆದುಕೊಂಡರು. ನಮ್ಮ ನಡುಮನೆಯ ತಂಪಿನಲ್ಲಿ ಹರಳುಗಟ್ಟಿದ್ದ ತುಪ್ಪ ಬಟ್ಟಲಲ್ಲಿ ನೀರಾಗಿತ್ತು. ಸಫಾರಿ ಅಂಗಿಯ ಬೆನ್ನು ಒಂದು ರೊಟ್ಟಿ ಮುರಿಯುವಷ್ಟರಲ್ಲಿ ಪೂರಾ ತೊಯ್ದು ಬಣ್ಣ ಬದಲಿಸಿತು.

"ಫ್ಯಾನ್ ಹಾಕಮ್ಮ," ಎಂದರು.

"ಕರೆಂಟಿಲ್ರೀ ಸಾಹೇಬ್ರ," ಎಂದಳು ಹುಲಿಗೆಮ್ಮ.

"ಮೇಜು ಆ ಕಡೆ ಸರಸ್ರಿ ಹಂಗಾರ."

"ಆ ಕಡಿ ಬಾಣಂತ್ಯಾರು ಅದಾರ್ರೀ," ಎಂದಳು ಗಂಗಮ್ಮ. "ಸರದು ಸರದು ಗ್ವಾಡಿಗೆ ಹತ್ಯಾರ. ಇನ್ನ ಗ್ವಾಡಿನೇ ಸರಸ್ಬೇಕು. ತಾವು ದೊಡ್ಡ ಇಂಜಿನೇರು, ಸರಸ್ತೀರೇನೋ ನೋಡ್ರಿ."

ಗೋಡೆಯ ಕಡೆ ಒಂದಿಬ್ಬರು ಸೆರಗು ಬಾಯಿಗಿಟ್ಟು ನಕ್ಕರು. ನಾನು ಹೋಳಿಗೆ ಬಡಿಸಿದೆ. ಅವರ ಮೂಗಿನ ತುದಿಯಿಂದ ಬೆವರು ಅದರ ಮೇಲೆ ಹನಿಯಿತು. ಅವರು ಅದನ್ನು ನೋಡಿದರು, ನಾನು ನೋಡಿದ್ದನ್ನೂ ನೋಡಿದರು.

"ಸರ್, ಒಂದು ಕೇಳಬೇಕಿತ್ತು," ಎಂದೆ. ಕಾನ್ವೆಂಟಿನಲ್ಲಿ ಕಲಿತ ಅದೇ ಮೆಲುದನಿ. "ಒಂದು ಪಡಸಾಲಿ ಕಟ್ಟಿಸಿದ್ರ ಅದಕ್ಕ ದಿನಕ್ಕ ಎಷ್ಟು ಕರೆಂಟು ಬೇಕಾಗ್ತದ?"

ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು. "ನೀವು ಮನಿ ನೋಡಿಕೊಳ್ರಿ ಅಮ್ಮಾ. ಇದು ಟೆಕ್ನಿಕಲ್ ವಿಷಯ."

"ಮನಿ ನೋಡಿಕೊಂಡೇ ಕೇಳಾಕತ್ತೀನಿ. ತಮ್ಮ ಮನಿನೂ ನೋಡೀನಿ, ನಮ್ಮ ಮನಿನೂ ನೋಡೀನಿ. ಎರಡರಾಗೂ ಕರೆಂಟಿಲ್ದೆ ಬದುಕಬಹುದು. ತಾವು ಕಟ್ಟಿಸಿದ್ದರಾಗ ಮಾತ್ರ ಆಗೋದಿಲ್ಲ."

ಸಾಹೇಬರು ಎದ್ದರು. ಟವೆಲು ನನ್ನ ಕೈಯಲ್ಲೇ ಉಳಿಯಿತು, ಅವರು ಕರ್ಚೀಫಿನಲ್ಲಿ ಒರೆಸಿಕೊಂಡು ಜೀಪಿಗೆ ನಡೆದರು. ಹೋಗುವಾಗ ದಾರಿಯ ಕಡೆಯ ಕಲ್ಲನ್ನು ನೋಡಿದರು. ಪಡುವಣ ಬಿಸಿಲಿಗೆ ಅದರ ಅಕ್ಷರಗಳ ಬಣ್ಣ ಹಾರಿ ಹೆಸರುಗಳು ಮಸುಕಾಗಿದ್ದವು.

ಅದಾದ ಮೇಲೆ ನಮ್ಮವರು ಒಂದು ಕೆಲಸ ಮಾಡಿದರು. ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕೆಂಬ ಟಿಪ್ಪಣಿಗೆ ಸಹಿ ಹಾಕಲಿಲ್ಲ. ಬದಲಿಗೆ, ಕಟ್ಟಡ ತಪ್ಪು ದಿಕ್ಕಿಗೆ ನಿಂತಿದೆ, ಪಡುವಣಕ್ಕೆ ಪಡಸಾಲೆ ಇಳಿಸಿ ಗಾಜು ತೆಗೆದರೆ ಕೂಲರೇ ಬೇಕಿಲ್ಲ, ಉತ್ತರದ ಬಾಣ ತಿರುಗಿಸಿದ್ದು ನಾನೇ ಎಂದು ಬರೆದು ಕಳಿಸಿದರು. ಬರೆದದ್ದನ್ನು ನನಗೆ ಓದಿ ಹೇಳಿ, ಏನಾದರೂ ಅನ್ನುತ್ತೇನೆಂದು ಕಾದರು.

"ಚಲೋ ಬರದೀರಿ," ಎಂದೆ. "ಇದನ್ನ ಬ್ಲೇಡು ಹಿಡಿದ ದಿನ ಬರೀಬೇಕಿತ್ತು."

ಮಳೆಗಾಲಕ್ಕೆ ಮುಂಚೆ ನಮಗೆ ದೂರದ ಊರಿಗೆ ವರ್ಗವಾಯಿತು. ನಮ್ಮವರ ಜಾಗಕ್ಕೆ ಬಂದವರು ಸಹಿ ಹಾಕಿದರು. ದೊಡ್ಡ ಟ್ರಾನ್ಸ್‌ಫಾರ್ಮರ್ ಬಂತು, ಕೂಲರು ಬಂದವು. ನೆರಳೂ ಬಂತು. ಆ ಉದ್ಘಾಟನೆಯ ಕಲ್ಲಿನ ಮೇಲೆ, ಅಕ್ಷರ ಮಾಸದ ಹಾಗೆ, ಕಾಂಕ್ರೀಟಿನ ಒಂದು ಪುಟ್ಟ ಸೂರು ಎರಕ ಹಾಕಿಸಿದರು. ಗಂಗಮ್ಮ ಯಾರ ಕೈಲೋ ಬರೆಸಿದ ಕಾಗದದಲ್ಲಿ ಅದನ್ನು ತಿಳಿಸಿ, ಕಲ್ಲಿಗೆ ಬಾಣಂತನ ನಡದೈತಿ ಎಂದು ಸೇರಿಸಿದ್ದಳು.

ಮೊನ್ನೆ ಬಸ್ಸಿಳಿದು ನೋಡಿದರೆ ಆ ಸೂರು ಹಾಗೇ ಇದೆ. ವಾರ್ಡಿನ ಗಾಜಿನ ಕಿಟಕಿಗಳಿದ್ದಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಗೋಡೆಯ ಉದ್ದಕ್ಕೂ ಏಸಿ ಪೆಟ್ಟಿಗೆಗಳು ಗುಂಯ್‌ಗುಡುತ್ತ ಬೀದಿಗೆ ಬಿಸಿ ಉಸಿರು ಬಿಡುತ್ತಿದ್ದವು. ಹಿಂದೆ ಜನರೇಟರಿನ ಶೆಡ್ಡು, ಡೀಸೆಲ್ ವಾಸನೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋದೆ. ಇಷ್ಟು ಬೇಸಿಗೆಗಳು, ಇಷ್ಟು ಯಂತ್ರಗಳು, ಎಲ್ಲೋ ಸುಟ್ಟ ಅಷ್ಟು ಕಲ್ಲಿದ್ದಲು. ಹಾಕಲಾಗಲಿಲ್ಲ. ಒಂದು ಮಧ್ಯಾಹ್ನ ಊದಿ ಹಾರಿಸಿದ ಶಾಯಿಯ ಧೂಳು ಇನ್ನೂ ಉರಿಯುತ್ತಿತ್ತು.

ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಸುಣ್ಣದ ಗೆರೆ ಬಿದ್ದಿದ್ದವು. ತಲೆಗೆ ಹಳದಿ ಟೊಪ್ಪಿಗೆ, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಹುಡುಗಿಯೊಬ್ಬಳು ಅಳತೆ ನೋಡುತ್ತಿದ್ದಳು. ಇಂಜಿನಿಯರ್. ಮಕ್ಕಳ ವಾರ್ಡು ಎಂದಳು. ಮಾತು ಸೌಮ್ಯ, ನಗು ಚೆಂದ. ಉದ್ದನೆಯ ಗೆರೆ ಮತ್ತೆ ದಾರಿಗೆ ಸಮನಾಗಿ ಓಡಿತ್ತು.

"ಕಿಟಕಿ ಯಾವ ಕಡೆ ಬರ್ತಾವವ್ವಾ?" ಎಂದು ಕೇಳಿದೆ.

"ರೋಡ್ ಕಡೆ ಮೇಡಮ್. ಫುಲ್ ಗ್ಲಾಸು. ಎಲಿವೇಶನ್ ಚಂದ ಕಾಣತದ."

"ಸಂಜಿ ಬಿಸಿಲು?"

"ಏಸಿ ಇರ್ತಾವಲ್ಲ ಮೇಡಮ್."

ನನ್ನ ಹಲ್ಲು ಬಿಗಿಯಿತು. ಆಗ ನಮ್ಮವರು ಮುಂದೆ ಬಂದರು. "ಉತ್ತರ ಯಾವ ಕಡೆ ಅದ?"

ಆಕೆ ಟ್ಯಾಬ್ಲೆಟ್ಟಿನ ಮೂಲೆಯ ಬಾಣ ತೋರಿಸಿದಳು.

"ಅದು ಹಾಳಿ ಮ್ಯಾಲಿನ ಉತ್ತರ. ಅದನ್ನ ಯಾರು ಬೇಕಾದ್ರೂ ತಿರುಗಿಸಬಹುದು, ಇದೇ ಕೈಯಿಂದ ಒಮ್ಮೆ ತಿರುಗಿಸೀನಿ," ಎಂದರು. "ನೆಲದ ಮ್ಯಾಲೆ ತೋರಿಸು."

ಆಕೆ ತಲೆ ಎತ್ತಿದಳು. ಸೂರ್ಯ ದಾರಿಯಾಚೆ, ಸರಿಯಾಗಿ ಆ ಉದ್ದನೆಯ ಗೆರೆಯ ಎದುರಿಗಿದ್ದ. ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. ಹಿಡಿದ ಕೈಯನ್ನು ಇಳಿಸಲಿಲ್ಲ.

"ನಾಳೆ ಮೂರಕ್ಕ ಇಲ್ಲೇ ಇರ್ತೀಯೇನವ್ವಾ?" ಎಂದೆ.

"ಇರ್ತೀನಿ ಮೇಡಮ್. ಯಾಕ?"

"ಊಟ ತರ್ತೀನಿ. ಈ ಗೆರಿ ಒಳಗ, ಕಿಟಕಿ ಬರೋ ಜಾಗದಾಗ, ಕೂತು ಉಣ್ಣೋಣು."

ಆಕೆ ಚೇಷ್ಟೆಯೆಂದುಕೊಂಡು ನಕ್ಕಳು. ನಾನು ನಗಲಿಲ್ಲ. ಕೆಳಗೆ ನೋಡಿದೆ. ಸುಣ್ಣ ಇನ್ನೂ ಹಸಿಯಾಗಿತ್ತು, ಕಾಲಿನಿಂದ ಉಜ್ಜಿದರೆ ಹೋಗುವಷ್ಟು.